ಋತುಬಂಧದ ತೊಂದರೆಗಳಿಗೆ ಹಾರ್ಮೋನ್‌ರಹಿತ ಪರಿಹಾರಗಳು

ಮಹಿಳೆಯರಲ್ಲಿ ಮುಟ್ಟು ನಿಲ್ಲುವ ಕಾಲದಲ್ಲಿ ಕಾಣಿಸಿಕೊಳ್ಳುವ ಮೈ ಬಿಸಿಯೇರಿಕೆ, ರಾತ್ರಿ ಬೆವರು, ನಿದ್ರಾಹೀನತೆ ಮೊದಲಾದ ತೊಂದರೆಗಳನ್ನು ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಮುಂತಾದ ಹಾರ್ಮೋನುಗಳನ್ನು ಬಳಸದೆ ಶಮನಗೊಳಿಸುವ ವಿಧಾನಗಳನ್ನು ಋತುಬಂಧದ ಹಾರ್ಮೋನ್‌ರಹಿತ ಪರಿಹಾರಗಳು ಎಂದು ಕರೆಯಲಾಗುತ್ತದೆ. ಗಿಡಮೂಲಿಕೆಗಳು, ಸೋಯಾ ಮತ್ತು ಅಗಸೆಯಂತಹ ಆಹಾರಗಳು, ಯೋಗಾಭ್ಯಾಸ, ಮನೋಚಿಕಿತ್ಸೆ ಹಾಗೂ ಹಾರ್ಮೋನ್ ಅಲ್ಲದ ಕೆಲವು ಔಷಧಗಳು ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಹಲವು 'ನೈಸರ್ಗಿಕ' ಎಂಬ ಹೆಸರಿನಲ್ಲಿ ಪ್ರಚಾರ ಪಡೆದಿವೆ. ಒಂದು ವಸ್ತುವು ನೈಸರ್ಗಿಕವಾಗಿದೆ ಎಂದ ಮಾತ್ರಕ್ಕೆ ಅದು ಗುಣಕಾರಿ ಎಂದಾಗಲಿ, ನಿರಪಾಯಕಾರಿ ಎಂದಾಗಲಿ ಸಿದ್ಧವಾಗುವುದಿಲ್ಲ. ಪರೀಕ್ಷೆಗೆ ಒಳಪಟ್ಟ ವಿಧಾನಗಳಲ್ಲಿ ಕೆಲವು ಉಪಯುಕ್ತವೆಂದು ಕಂಡುಬಂದಿದ್ದು, ಪ್ರಸಿದ್ಧವಾದ ಹಲವು ಮೂಲಿಕೆಗಳ ಬಗ್ಗೆ ದೃಢವಾದ ಪುರಾವೆ ದೊರೆತಿಲ್ಲ.

ಋತುಬಂಧ ಮತ್ತು ಅದರ ಲಕ್ಷಣಗಳು

ಬೇರೆ ಕಾರಣಗಳಿಲ್ಲದೆ ಸತತವಾಗಿ 12 ತಿಂಗಳು ಮುಟ್ಟು ಕಾಣಿಸದಿದ್ದಾಗ ಋತುಬಂಧವಾಯಿತೆಂದು ವೈದ್ಯಶಾಸ್ತ್ರವು ಪರಿಗಣಿಸುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದರ ಸರಾಸರಿ ವಯಸ್ಸು ಸುಮಾರು 51 ವರ್ಷ. ಭಾರತದಲ್ಲಿ ಅದು ಸುಮಾರು 46–47 ವರ್ಷ. ಆಯುರ್ವೇದದಲ್ಲಿ ಈ ಅವಸ್ಥೆಗೆ ರಜೋನಿವೃತ್ತಿ ಎಂಬ ಹೆಸರಿದೆ. ಸ್ತ್ರೀಯರ ಋತುಕಾಲವು 12ನೆಯ ವಯಸ್ಸಿನಿಂದ 50ನೆಯ ವಯಸ್ಸಿನವರೆಗೆ ಇರುತ್ತದೆಂದು ಸುಶ್ರುತ ಸಂಹಿತೆಯು ಹೇಳುತ್ತದೆ. ಋತುಬಂಧವು ರೋಗವಲ್ಲ, ಬಾಳಿನ ಒಂದು ಸಹಜ ಹಂತ. ಆದರೂ ಅದರೊಡನೆ ಬರುವ ತೊಂದರೆಗಳು ಕೆಲವರ ದಿನನಿತ್ಯದ ಕೆಲಸಕ್ಕೂ ನಿದ್ರೆಗೂ ಅಡ್ಡಿಯಾಗುವಷ್ಟು ತೀವ್ರವಾಗಿರಬಹುದು.

ಈ ಹಂತದಲ್ಲಿ ಅಂಡಾಶಯಗಳು ಈಸ್ಟ್ರೊಜೆನ್ ಉತ್ಪಾದಿಸುವುದು ಕಡಿಮೆಯಾಗುತ್ತದೆ. ಮಿದುಳಿನ ಹೈಪೋಥಲಮಸ್ ಭಾಗವು ದೇಹದ ಉಷ್ಣತೆಯನ್ನು ನಿಯಂತ್ರಿಸುತ್ತದೆ. ಅಲ್ಲಿರುವ, ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಈಸ್ಟ್ರೊಜೆನ್ ಹತೋಟಿಯಲ್ಲಿಡುತ್ತದೆ. ಆ ಹತೋಟಿ ತಪ್ಪಿದಾಗ ಉಷ್ಣತೆಯ ಅಲ್ಪ ಏರಿಕೆಯನ್ನೂ ದೇಹವು ಅತಿಯಾದ ಸೆಕೆಯೆಂದು ಭಾವಿಸಿ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಮುಖ, ಕುತ್ತಿಗೆ ಮತ್ತು ಎದೆಯ ಭಾಗದಲ್ಲಿ ಹಠಾತ್ತನೆ ಏಳುವ ಈ ಬಿಸಿಯೇ ಹಾಟ್ ಫ್ಲಶ್. ಯೋನಿಯ ಶುಷ್ಕತೆ, ಮೂತ್ರದ ತೊಂದರೆಗಳು, ಮನೋಭಾವದ ಏರಿಳಿತ, ಕೀಲುನೋವು ಇತರ ಲಕ್ಷಣಗಳು. ಅಮೆರಿಕದಲ್ಲಿ ನಡೆದ ಸ್ವಾನ್ ಎಂಬ ದೀರ್ಘಕಾಲಿಕ ಅಧ್ಯಯನದ 2015ರ ವರದಿಯಂತೆ ಮೈ ಬಿಸಿಯೇರಿಕೆಯ ಮಧ್ಯಮ ಅವಧಿ 7.4 ವರ್ಷ.

ಈ ಅನುಭವವು ಎಲ್ಲ ಸಮಾಜಗಳಲ್ಲಿ ಒಂದೇ ಬಗೆಯಾಗಿಲ್ಲ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ ಅವರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಪಾನಿನ ಮಹಿಳೆಯರು ಉತ್ತರ ಅಮೆರಿಕದವರಿಗಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಬಿಸಿಯೇರಿಕೆಯನ್ನು ಹೇಳಿಕೊಂಡರೆಂದೂ ಭುಜ ಬಿಗಿತವನ್ನು ಹೆಚ್ಚಾಗಿ ಹೇಳಿಕೊಂಡರೆಂದೂ ತೋರಿಸಿದರು. ಜಪಾನೀಯರ ಸೋಯಾ ಸೇವನೆಯೇ ಇದಕ್ಕೆ ಕಾರಣವಿರಬಹುದೆಂಬ ಊಹೆಯು ಸೋಯಾ ಕುರಿತ ಅನೇಕ ಪ್ರಯೋಗಗಳಿಗೆ ಪ್ರೇರಣೆಯಾಯಿತು.

ಹಾರ್ಮೋನ್ ಚಿಕಿತ್ಸೆ ಮತ್ತು ಪರ್ಯಾಯಗಳ ಹುಡುಕಾಟ

ಗಬ್ಬದ ಕುದುರೆಗಳ ಮೂತ್ರದಿಂದ ಪಡೆದ ಈಸ್ಟ್ರೊಜೆನ್‌ಗಳ ಮಾತ್ರೆಯಾದ ಪ್ರೆಮರಿನ್ ಅಮೆರಿಕದಲ್ಲಿ 1942ರಲ್ಲಿ ಬಳಕೆಗೆ ಬಂದಿತು. ಈಸ್ಟ್ರೊಜೆನ್ ಒಂದನ್ನೇ ಸೇವಿಸುವುದರಿಂದ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು 1975ರಲ್ಲಿ ತಿಳಿದುಬಂದ ಮೇಲೆ, ಗರ್ಭಕೋಶವಿರುವವರಿಗೆ ಪ್ರೊಜೆಸ್ಟೊಜೆನ್ ಅನ್ನೂ ಸೇರಿಸಿ ಕೊಡುವ ಪದ್ಧತಿ ಬೆಳೆಯಿತು.

ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಮೆರಿಕದ ಅಧ್ಯಯನದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಸಂಯುಕ್ತ ಹಾರ್ಮೋನ್ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಹೃದ್ರೋಗ, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದವು. ಮೂಳೆ ಮುರಿತ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆಯಾಗಿದ್ದವು. ಸ್ತನ ಕ್ಯಾನ್ಸರಿನ ಹೆಚ್ಚಳವು ವರ್ಷಕ್ಕೆ 10,000 ಮಹಿಳೆಯರಲ್ಲಿ 8 ಪ್ರಕರಣಗಳಷ್ಟಿತ್ತು. ಈ ಸುದ್ದಿಯಿಂದ ಜಗತ್ತಿನಾದ್ಯಂತ ಅಸಂಖ್ಯ ಮಹಿಳೆಯರು ಚಿಕಿತ್ಸೆಯನ್ನು ಕೈಬಿಟ್ಟು ಪರ್ಯಾಯಗಳತ್ತ ತಿರುಗಿದರು.

ಆ ಪ್ರಯೋಗದಲ್ಲಿ ಪಾಲ್ಗೊಂಡವರ ಸರಾಸರಿ ವಯಸ್ಸು 63 ವರ್ಷವಾಗಿತ್ತು. ನಂತರದ ವಿಶ್ಲೇಷಣೆಗಳ ಆಧಾರದಲ್ಲಿ, 60 ವರ್ಷದೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಮೀರದ ಆರೋಗ್ಯವಂತ ಮಹಿಳೆಯರಲ್ಲಿ ತೀವ್ರ ತೊಂದರೆಗಳಿದ್ದರೆ ಹಾರ್ಮೋನ್ ಚಿಕಿತ್ಸೆಯ ಲಾಭವು ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚೆಂದು ತಜ್ಞಸಂಸ್ಥೆಗಳು ಅಭಿಪ್ರಾಯಪಟ್ಟಿವೆ. ಬಿಸಿಯೇರಿಕೆಗೆ ಅದೇ ಅತ್ಯಂತ ಪರಿಣಾಮಕಾರಿ ಚಿಕಿತ್ಸೆಯಾಗಿ ಉಳಿದಿದೆ. ಆದರೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಪೂರ್ವಚರಿತ್ರೆ, ಪಾರ್ಶ್ವವಾಯು ಅಥವಾ ತೀವ್ರ ಯಕೃತ್ ರೋಗ ಇರುವವರಿಗೆ ಅದನ್ನು ಸಾಮಾನ್ಯವಾಗಿ ಕೊಡಲಾಗುವುದಿಲ್ಲ. ಇಂತಹವರಿಗೂ ಹಾರ್ಮೋನ್ ಬೇಡವೆನ್ನುವವರಿಗೂ ಬೇರೆ ಮಾರ್ಗಗಳು ಅವಶ್ಯಕವಾಗಿವೆ.

ಪುರಾವೆಯನ್ನು ಅಳೆಯುವ ಬಗೆ

ಬಿಸಿಯೇರಿಕೆಯು ಕಾಲಕ್ರಮದಲ್ಲಿ ತಾನಾಗಿಯೇ ತಗ್ಗುವ ತೊಂದರೆ. ಔಷಧಗುಣವಿಲ್ಲದ ಹುಸಿಮಾತ್ರೆ (ಪ್ಲಸೀಬೊ) ನುಂಗಿದವರಲ್ಲಿಯೂ ಅದು ಗಣನೀಯವಾಗಿ ಕಡಿಮೆಯಾಗುತ್ತದೆ. ಹಾರ್ಮೋನ್ ಚಿಕಿತ್ಸೆಯ ಪ್ರಯೋಗಗಳನ್ನು 2004ರಲ್ಲಿ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ, ಹುಸಿಮಾತ್ರೆ ಪಡೆದವರಲ್ಲೇ ಬಿಸಿಯೇರಿಕೆಯ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆದುದರಿಂದ ಒಂದು ಮೂಲಿಕೆಯನ್ನು ಸೇವಿಸಿದ ಬಳಿಕ ಗುಣವಾಯಿತೆಂಬ ಅನುಭವವು ನಿಜವಾಗಿದ್ದರೂ, ಗುಣವಾದದ್ದು ಆ ಮೂಲಿಕೆಯಿಂದಲೇ ಎಂದು ಅದರಿಂದ ತಿಳಿಯುವುದಿಲ್ಲ. ಮೂಲಿಕೆಯನ್ನೂ ಹುಸಿಮಾತ್ರೆಯನ್ನೂ ಎರಡು ಗುಂಪುಗಳಿಗೆ ಕೊಟ್ಟು ಹೋಲಿಸಿದಾಗ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ಸಸ್ಯಮೂಲದ ಪರಿಹಾರಗಳು

ಸೋಯಾ ಮತ್ತು ಸಸ್ಯ ಈಸ್ಟ್ರೊಜೆನ್‌ಗಳು: ಸೋಯಾ ಅವರೆಯಲ್ಲಿ ಜೆನಿಸ್ಟೀನ್, ಡೈಡ್ಜೀನ್ ಮುಂತಾದ ಐಸೋಫ್ಲೇವೋನ್‌ಗಳಿವೆ. ಇವುಗಳ ರಚನೆಯು ಈಸ್ಟ್ರೊಜೆನ್ ಅನ್ನು ಹೋಲುವುದರಿಂದ ಅವು ದೇಹದ ಈಸ್ಟ್ರೊಜೆನ್ ಗ್ರಾಹಕಗಳಿಗೆ ದುರ್ಬಲವಾಗಿ ಅಂಟಿಕೊಳ್ಳುತ್ತವೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಡೈಡ್ಜೀನ್ ಅನ್ನು ಈಕ್ವಾಲ್ ಎಂಬ ಹೆಚ್ಚು ಸಕ್ರಿಯ ವಸ್ತುವಾಗಿ ಪರಿವರ್ತಿಸುತ್ತವೆ. ಈ ಸಾಮರ್ಥ್ಯ ಎಲ್ಲರಲ್ಲಿಯೂ ಇಲ್ಲ. ಪಾಶ್ಚಾತ್ಯರಿಗಿಂತ ಪೂರ್ವ ಏಷ್ಯಾದವರಲ್ಲಿ ಹೆಚ್ಚು ಕಂಡುಬರುತ್ತದೆ. 2013ರ ಕಾಕ್ರೇನ್ ವಿಮರ್ಶೆಯು ಸಸ್ಯ ಈಸ್ಟ್ರೊಜೆನ್‌ಗಳಿಂದ ಬಿಸಿಯೇರಿಕೆ ತಗ್ಗುತ್ತದೆಂಬುದಕ್ಕೆ ನಿರ್ಣಾಯಕ ಪುರಾವೆಯಿಲ್ಲವೆಂದು ಹೇಳಿತು; ಜೆನಿಸ್ಟೀನ್ ಅಧಿಕವಾಗಿರುವ ಸಾರಗಳ ಬಗ್ಗೆ ಇನ್ನಷ್ಟು ಸಂಶೋಧನೆ ಬೇಕೆಂದು ಸೂಚಿಸಿತು. ಆಹಾರವಾಗಿ ಸೋಯಾ ಉತ್ತಮ ಪ್ರೋಟೀನ್ ಮೂಲ.

ಅಗಸೆ ಬೀಜ: ಉತ್ತರ ಕರ್ನಾಟಕದಲ್ಲಿ ಚಟ್ನಿಪುಡಿಯಾಗಿ ಬಳಕೆಯಲ್ಲಿರುವ ಅಗಸೆ ಬೀಜದಲ್ಲಿ ಲಿಗ್ನಾನ್ ಎಂಬ ಸಸ್ಯ ಈಸ್ಟ್ರೊಜೆನ್ ಇದೆ. ಹುಸಿಮದ್ದಿನೊಡನೆ ಹೋಲಿಸಿದ ಅಮೆರಿಕದ ಒಂದು ಪ್ರಯೋಗದಲ್ಲಿ ಅದು ಬಿಸಿಯೇರಿಕೆಯನ್ನು ಹೆಚ್ಚು ತಗ್ಗಿಸಲಿಲ್ಲ. ನಾರು ಮತ್ತು ಒಮೆಗಾ-3 ಕೊಬ್ಬಿನಾಮ್ಲದ ಮೂಲವಾಗಿ ಅದರ ಉಪಯೋಗ ಬೇರೆಯೇ ವಿಷಯ.

ಬ್ಲ್ಯಾಕ್ ಕೊಹಾಶ್: ಉತ್ತರ ಅಮೆರಿಕದ ಮೂಲನಿವಾಸಿಗಳು ಬಳಸುತ್ತಿದ್ದ ಈ ಬೇರು ಪಾಶ್ಚಾತ್ಯ ಮಾರುಕಟ್ಟೆಯಲ್ಲಿ ಬಹಳ ಪ್ರಸಿದ್ಧವಾಗಿದೆ. 2012ರ ಕಾಕ್ರೇನ್ ವಿಮರ್ಶೆಯು 2,027 ಮಹಿಳೆಯರನ್ನೊಳಗೊಂಡ 16 ಪ್ರಯೋಗಗಳನ್ನು ಪರಿಶೀಲಿಸಿ, ಇದರ ಬಳಕೆಯನ್ನು ಸಮರ್ಥಿಸಲು ಸಾಕಷ್ಟು ಪುರಾವೆಯಿಲ್ಲವೆಂದಿತು. ಅಪರೂಪವಾಗಿ ಯಕೃತ್ತಿಗೆ ಹಾನಿಯಾದ ವರದಿಗಳಿವೆ.

ಶತಾವರಿ ಮತ್ತು ಅಶ್ವಗಂಧ: ಆಯುರ್ವೇದದಲ್ಲಿ ಸ್ತ್ರೀಯರ ಆರೋಗ್ಯಕ್ಕೆ ಶತಾವರಿಯನ್ನು ಬಹುಕಾಲದಿಂದ ಬಳಸಲಾಗಿದೆ. ಕನ್ನಡದಲ್ಲಿ ಇದಕ್ಕೆ 'ಹಲವು ಮಕ್ಕಳ ತಾಯಿ ಬೇರು' ಎಂಬ ಹೆಸರೂ ಇದೆ. ಅಶ್ವಗಂಧವನ್ನು ನಿದ್ರೆ ಮತ್ತು ಮಾನಸಿಕ ಒತ್ತಡಕ್ಕಾಗಿ ಬಳಸುತ್ತಾರೆ. ಋತುಬಂಧದ ತೊಂದರೆಗಳಲ್ಲಿ ಇವುಗಳ ಮೇಲೆ ನಡೆದಿರುವ ಪ್ರಯೋಗಗಳು ಚಿಕ್ಕವು ಮತ್ತು ಅಲ್ಪಾವಧಿಯವು. ಅಶ್ವಗಂಧವು ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಬದಲಿಸಬಲ್ಲದು. ಅದರಿಂದ ಯಕೃತ್ತಿಗೆ ತೊಂದರೆಯಾದ ವರದಿಗಳೂ ಇವೆ.

ಸಸ್ಯಮೂಲದ ಹಾರ್ಮೋನುಗಳು

'ನೈಸರ್ಗಿಕ ಹಾರ್ಮೋನ್' ಎಂಬ ಹೆಸರು ಗೊಂದಲಕ್ಕೆ ಕಾರಣವಾಗಿದೆ. 1940ರ ದಶಕದಲ್ಲಿ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಅವರು ಮೆಕ್ಸಿಕೊ ದೇಶದ ಕಾಡುಗೆಣಸಿನಲ್ಲಿರುವ ಡಯಾಸ್ಜೆನಿನ್ ಎಂಬ ವಸ್ತುವಿನಿಂದ ಪ್ರೊಜೆಸ್ಟರಾನ್ ತಯಾರಿಸಿದರು. ಈ ಪರಿವರ್ತನೆಯು ಪ್ರಯೋಗಾಲಯದಲ್ಲಿ ಮಾತ್ರ ಸಾಧ್ಯ. ಮನುಷ್ಯನ ದೇಹವು ಅದನ್ನು ಮಾಡಲಾರದು. ಆದುದರಿಂದ ಕಾಡುಗೆಣಸಿನ ಸಾರವಿರುವ ಮುಲಾಮನ್ನು ಹಚ್ಚಿಕೊಂಡರೆ ಪ್ರೊಜೆಸ್ಟರಾನ್ ದೊರೆಯುವುದಿಲ್ಲ. ಇನ್ನೊಂದೆಡೆ, ಸಸ್ಯದಿಂದ ತಯಾರಿಸಿದ ನಿಜವಾದ ಹಾರ್ಮೋನ್ ಸೇವಿಸಿದರೆ ಅದು ಹಾರ್ಮೋನ್ ಚಿಕಿತ್ಸೆಯೇ ಆಗುತ್ತದೆ. ಔಷಧ ನಿಯಂತ್ರಣ ಸಂಸ್ಥೆಗಳು ಅನುಮೋದಿಸಿದ ಹಲವು ಹಾರ್ಮೋನುಗಳೂ ಸಸ್ಯಮೂಲದವೇ ಆಗಿವೆ.

ಯೋಗ, ವ್ಯಾಯಾಮ ಮತ್ತು ಮನೋಚಿಕಿತ್ಸೆ

ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 40ರಿಂದ 55 ವರ್ಷದ 120 ಮಹಿಳೆಯರ ಮೇಲೆ ನಡೆಸಿದ ಅಧ್ಯಯನವು 2008ರಲ್ಲಿ ಪ್ರಕಟವಾಯಿತು. 8 ವಾರಗಳ ಬಳಿಕ, ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಯೋಗಾಭ್ಯಾಸ ಮಾಡಿದವರಲ್ಲಿ ಬಿಸಿಯೇರಿಕೆ ಹಾಗೂ ರಾತ್ರಿ ಬೆವರು ಹೆಚ್ಚು ತಗ್ಗಿದ್ದವು. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಫಲಿತಾಂಶ ಭಿನ್ನವಾಗಿತ್ತು. ಅಲ್ಲಿ 12 ವಾರಗಳ ಯೋಗವಾಗಲಿ ವ್ಯಾಯಾಮವಾಗಲಿ ಬಿಸಿಯೇರಿಕೆಯ ಸಂಖ್ಯೆಯನ್ನು ಇಳಿಸಲಿಲ್ಲ. ಆದರೆ ನಿದ್ರೆಯ ತೊಂದರೆಯು ಸುಧಾರಿಸಿತು. ಹೀಗಾಗಿ ಯೋಗವನ್ನು ನಿದ್ರೆ, ಮನಸ್ಸಿನ ನೆಮ್ಮದಿ ಮತ್ತು ದೇಹದ ಬಲಕ್ಕೆ ಸಹಕಾರಿಯೆಂದು ಪರಿಗಣಿಸುವುದು ಯುಕ್ತ.

ಮನೋಚಿಕಿತ್ಸೆಯ ಪುರಾವೆಯು ಮೂಲಿಕೆಗಳಿಗಿಂತ ಗಟ್ಟಿಯಾಗಿದೆ. ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ) ಬಿಸಿಯೇರಿಕೆಯ ಸಂಖ್ಯೆಯನ್ನು ಹೆಚ್ಚು ಇಳಿಸದಿದ್ದರೂ, ಅದರಿಂದಾಗುವ ಕಿರಿಕಿರಿಯನ್ನು ಕಡಿಮೆ ಮಾಡುತ್ತದೆಂದು ಬ್ರಿಟನ್ನಿನ ಪ್ರಯೋಗಗಳು ತೋರಿಸಿವೆ. 'ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ' ಎಂಬಂತಹ ಆತಂಕದ ಆಲೋಚನೆಗಳನ್ನು ಗುರುತಿಸಿ ಬದಲಿಸುವುದು, ನಿದ್ರೆಯ ಅಭ್ಯಾಸಗಳನ್ನು ತಿದ್ದುವುದು ಇದರ ಕ್ರಮ. ವೈದ್ಯಕೀಯ ಸಮ್ಮೋಹನ ಚಿಕಿತ್ಸೆಯನ್ನು 187 ಮಹಿಳೆಯರ ಮೇಲೆ ಪರೀಕ್ಷಿಸಿದ 2013ರ ಅಮೆರಿಕದ ಅಧ್ಯಯನದಲ್ಲಿ ಬಿಸಿಯೇರಿಕೆ 12 ವಾರಗಳಲ್ಲಿ ಶೇ 74ರಷ್ಟು ಇಳಿಯಿತು. ಹೋಲಿಕೆಯ ಗುಂಪಿನಲ್ಲಿ ಇಳಿಕೆ ಶೇ 17ರಷ್ಟಿತ್ತು. ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಸ್ಥೆಯು 2023ರ ತನ್ನ ಹೇಳಿಕೆಯಲ್ಲಿ ಸಿಬಿಟಿ, ಸಮ್ಮೋಹನ ಚಿಕಿತ್ಸೆ ಮತ್ತು ತೂಕ ಇಳಿಕೆಯನ್ನು ಬಿಸಿಯೇರಿಕೆಗೆ ಸೂಚಿಸಿತು. ಮೂಲಿಕೆಗಳು, ಸೋಯಾ, ಯೋಗ ಮತ್ತು ಅಕ್ಯುಪಂಕ್ಚರ್‌ಗಳನ್ನು ಈ ಒಂದು ಉದ್ದೇಶಕ್ಕೆ ಸೂಚಿಸಲಿಲ್ಲ.

ಹಾರ್ಮೋನ್ ಅಲ್ಲದ ಔಷಧಗಳು

ಖಿನ್ನತೆಗೆ ಬಳಸುವ ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್ ಮುಂತಾದ ಕೆಲವು ಔಷಧಗಳು ಮತ್ತು ಗ್ಯಾಬಪೆಂಟಿನ್ ಬಿಸಿಯೇರಿಕೆಯನ್ನು ತಗ್ಗಿಸುತ್ತವೆ. ನ್ಯೂರೋಕೈನಿನ್ ಗ್ರಾಹಕವನ್ನು ತಡೆಯುವ ಫೆಜೊಲಿನೆಟಾಂಟ್ ಎಂಬ ಮಾತ್ರೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ದೊರೆಯಿತು. ಅದನ್ನು ಸೇವಿಸುವವರು ಯಕೃತ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕಾಗುತ್ತದೆ. ಯೋನಿಯ ಶುಷ್ಕತೆಗೆ ಹಾರ್ಮೋನ್ ಇಲ್ಲದ ಜಾರುಲೇಪಗಳೂ ತೇವಕಾರಿಗಳೂ ದೊರೆಯುತ್ತವೆ.

ಆಹಾರ ಮತ್ತು ಮೂಳೆಯ ಆರೋಗ್ಯ

ಈಸ್ಟ್ರೊಜೆನ್ ಕುಗ್ಗಿದಂತೆ ಮೂಳೆಗಳು ಸವೆಯುವುದು ಯಾವ ಲಕ್ಷಣವನ್ನೂ ತೋರದೆ ನಡೆಯುತ್ತದೆ. ಬಿಸಿಯೇರಿಕೆ ನಿಂತ ಮೇಲೂ ಈ ಸವೆತ ಮುಂದುವರಿಯುತ್ತದೆ. ಋತುಬಂಧದ ನಂತರ ದಿನಕ್ಕೆ ಸುಮಾರು 1000–1200 ಮಿಲಿಗ್ರಾಂ ಕ್ಯಾಲ್ಸಿಯಂ ಅಗತ್ಯವೆನ್ನಲಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಎಳ್ಳು ಮತ್ತು ನುಗ್ಗೆ ಸೊಪ್ಪು ಇತರ ಮೂಲಗಳು. ವಿಟಮಿನ್ ಡಿ, ನಡಿಗೆ, ಮತ್ತು ಭಾರ ಎತ್ತುವಂತಹ ವ್ಯಾಯಾಮಗಳೂ ಅವಶ್ಯಕ. ಧೂಮಪಾನವು ಬಿಸಿಯೇರಿಕೆಯನ್ನೂ ಮೂಳೆ ಸವೆತವನ್ನೂ ಹೆಚ್ಚಿಸುತ್ತದೆ.

ಎಚ್ಚರಿಕೆಗಳು

ಮೂಲಿಕೆಗಳು ಇತರ ಔಷಧಗಳೊಡನೆ ಬೆರೆತು ಅಪಾಯ ಉಂಟುಮಾಡಬಹುದು. ಚೀನಾದ ಡಾಂಗ್ ಕ್ವಾಯ್ ಬೇರು ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಸೇಂಟ್ ಜಾನ್ಸ್ ವರ್ಟ್ ಎಂಬ ಸಸ್ಯವು ಟಮಾಕ್ಸಿಫೆನ್ ಸೇರಿದಂತೆ ಹಲವು ಔಷಧಗಳ ಪರಿಣಾಮವನ್ನು ಕುಗ್ಗಿಸಬಹುದು. ಪ್ಯಾರೊಕ್ಸೆಟಿನ್ ಕೂಡ ಟಮಾಕ್ಸಿಫೆನ್‌ನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಸಸ್ಯ ಈಸ್ಟ್ರೊಜೆನ್ ಸಾರಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಬಳಸುತ್ತಿರುವ ಮೂಲಿಕೆ, ಲೇಹ್ಯ, ಚೂರ್ಣಗಳೆಲ್ಲವನ್ನೂ ವೈದ್ಯರಿಗೆ ತಿಳಿಸುವುದು ಅಗತ್ಯ.

ಮುಟ್ಟು ನಿಂತು ಒಂದು ವರ್ಷವಾದ ಬಳಿಕ ಮತ್ತೆ ರಕ್ತಸ್ರಾವ ಕಂಡರೆ, ಅದು ಅಲ್ಪವಾಗಿದ್ದರೂ, ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದಾದ್ದರಿಂದ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ಬಿಸಿಯೇರಿಕೆಯಂತೆ ತೋರುವ ಬೆವರು ಮತ್ತು ಎದೆಬಡಿತಗಳು ಥೈರಾಯ್ಡ್ ತೊಂದರೆಯಿಂದಲೂ ಬರಬಹುದು. 40 ವರ್ಷಕ್ಕೆ ಮೊದಲೇ ಋತುಬಂಧವಾದವರಿಗೆ ಅಥವಾ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡ ಕಿರಿಯ ಮಹಿಳೆಯರಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆಯನ್ನೇ ಸೂಚಿಸಲಾಗುತ್ತದೆ. ಅವರ ಮೂಳೆ ಮತ್ತು ಹೃದಯಕ್ಕೆ ಈಸ್ಟ್ರೊಜೆನ್ ನೀಡುವ ರಕ್ಷಣೆಯನ್ನು ಇಲ್ಲಿ ವಿವರಿಸಿದ ಯಾವ ಮೂಲಿಕೆಯೂ ಒದಗಿಸುತ್ತದೆಂದು ಸಿದ್ಧಪಟ್ಟಿಲ್ಲ.