ಪೇಟೆಯ ಕಸವೂ ಹೊಲದ ಗೊಬ್ಬರವೂ: ಕೆಲಸಗಾರರ ಶಿಕ್ಷಣದ ಆವಶ್ಯಕತೆ

ಬೆಂಗಳೂರಿನ ಬಳೇಪೇಟೆಯಲ್ಲಿ ಅಂಗಡಿಗಳು ಮುಚ್ಚಿದ ಮೇಲೆ ಬೀದಿಗೆ ಬೀಳುವ ಕಸದಲ್ಲಿ ರಟ್ಟು, ಪ್ಲಾಸ್ಟಿಕ್ ಚೀಲ, ಬಾಡಿದ ಹೂವು, ಬಾಳೆಯೆಲೆ, ಒಡೆದ ಬಳೆಯ ಚೂರು ಎಲ್ಲವೂ ಕಲೆತಿರುವುವು. ಇವನ್ನು ಬೇರ್ಪಡಿಸದೆ ಗೊಬ್ಬರ ಮಾಡಿದಲ್ಲಿ ಆ ಗಾಜಿನ ಚೂರು ಕಟ್ಟಕಡೆಗೆ ಗದ್ದೆಯಲ್ಲಿ ನಾಟಿ ಮಾಡುವವಳ ಕಾಲಿಗೆ ಚುಚ್ಚುವುದು. ಒಡೆದ ಬ್ಯಾಟರಿ ಬೆರೆತರೆ ಸೀಸವು ಮಣ್ಣಿಗಿಳಿಯುವುದು. ನಗರದ ಕಾಂಪೋಸ್ಟಿನಲ್ಲಿ ಸೀಸವು ಕಿಲೋಗ್ರಾಮಿಗೆ 100 ಮಿಲಿಗ್ರಾಮನ್ನು ಮೀರಕೂಡದೆಂದು ರಸಗೊಬ್ಬರ ನಿಯಂತ್ರಣಾಜ್ಞೆಯಲ್ಲಿ ವಿಧಿಸಿದೆ. ಆದುದರಿಂದ ಕಸ ವಿಂಗಡಿಸುವವರ ತಿಳಿವಳಿಕೆಯು ಪೇಟೆಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಗೊಬ್ಬರ ಕೊಳ್ಳುವ ಜಮೀನುದಾರರಿಗೂ ಸಂಬಂಧಿಸಿದ್ದು.

ಈ ವಿದ್ಯೆಗೆ ಬೆಂಗಳೂರಿನ ಹೆಸರೇ ನಿಂತಿದೆ. ಡಾಕ್ಟರ್ ಸಿ. ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ‘ಬೆಂಗಳೂರು ವಿಧಾನ’ದಲ್ಲಿ, ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಕೆಲವು ತಿಂಗಳು ಬಿಡುವರು. ಖರ್ಚು ಕಡಮೆ, ಗೊಬ್ಬರ ಉತ್ತಮ. ಆದರೆ ಆ ಮಲವನ್ನು ಹೊತ್ತು ತಂದವರ ಬಾಳು ಗೊಬ್ಬರದ ಲೆಕ್ಕದೊಳಗೆ ಸೇರುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಜಾತಿಯು ಹೊರಿಸಿದ ಆ ಕೆಲಸವನ್ನು 1993ರ ಮತ್ತು 2013ರ ಕಾನೂನುಗಳು ನಿಷೇಧಿಸಿವೆ.

ಕಸವನ್ನು ವಿಂಗಡಿಸದೆ ಊರಾಚೆಗೆ ಸಾಗಿಸಿದುದರ ಫಲವನ್ನು ಮಾವಳ್ಳಿಪುರದವರೂ ಮಂಡೂರಿನವರೂ ಅನುಭವಿಸಿದರು. ಗ್ರಾಮಸ್ಥರ ಪ್ರತಿಭಟನೆಯ ತರುವಾಯ ಮಾವಳ್ಳಿಪುರಕ್ಕೆ 2012ರಲ್ಲಿಯೂ ಮಂಡೂರಿಗೆ 2014ರಲ್ಲಿಯೂ ಕಸ ಸಾಗಿಸುವುದು ನಿಂತಿತು. ಇದೇ ಅವಧಿಯಲ್ಲಿ, 2011ರಿಂದ, ಅಂದಿನ ಮಹಾನಗರಪಾಲಿಕೆಯವರು ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿದರು. ‘ಹಸಿರು ದಳ’ವೆಂಬ ಸಂಸ್ಥೆಯ ಪರಿಶ್ರಮದಿಂದ ಅವರಲ್ಲಿ ಕೆಲವರು ವಾರ್ಡುಗಳ ಒಣಕಸ ಸಂಗ್ರಹಣ ಕೇಂದ್ರಗಳನ್ನು ತಾವೇ ನಡೆಸುವವರಾದರು. ಗೋಣಿ ಹೊತ್ತು ಅಲೆಯುತ್ತಿದ್ದವರು ತಕ್ಕಡಿಯ ಮುಂದೆ ಕುಳಿತು ಲೆಕ್ಕ ಬರೆಯುವಂತಾದುದು ಸಾಮಾನ್ಯ ಸಂಗತಿಯಲ್ಲ. ಪ್ಲಾಸ್ಟಿಕ್ಕಿನ ಬಗೆಗಳನ್ನು ಮುಟ್ಟಿ ಹೇಳುವ ಜಾಣ್ಮೆ ಅವರಿಗೆ ಮೊದಲೇ ಇತ್ತು. ಹೊಸದಾಗಿ ಕಲಿಯಬೇಕಾದುದು ಜಮಾಖರ್ಚು, ಕರಾರುಪತ್ರ, ಕೈಗವಸಿನ ಬಳಕೆ ಮುಂತಾದವು.

ಗ್ರಾಮಗಳಲ್ಲಿಯೂ ಇದೇ ಏರ್ಪಾಡು ಸಾಧ್ಯ. ಕರ್ನಾಟಕದ ಅನೇಕ ಗ್ರಾಮ ಪಂಚಾಯತಿಗಳವರು ಕಸದ ಕೆಲಸವನ್ನು ಸ್ತ್ರೀಯರ ಸ್ವಸಹಾಯ ಸಂಘಗಳಿಗೆ ಒಪ್ಪಿಸಿದ್ದಾರೆ. ಕಸದ ಗಾಡಿಯನ್ನೂ ಸ್ತ್ರೀಯರೇ ಕಲಿತು ನಡೆಸುತ್ತಾರೆ. ಇಂಥವರಿಗೆ ಗಾಳಿಯಾಡಿಸುವ ರಾಶಿ ಗೊಬ್ಬರದ ಶಿಕ್ಷಣವನ್ನು ಕೊಡತಕ್ಕದ್ದು. ಗೊಬ್ಬರವನ್ನು ಹಿಡಿಯಲ್ಲಿ ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಕೂಡದು. ರಾಶಿಯ ಒಳಗೆ ಶಾಖವು 55 ಡಿಗ್ರಿ ಸೆಂಟಿಗ್ರೇಡಿಗೆ ಏರಬೇಕು. ಏರದಿದ್ದರೆ ಕಳೆಯ ಬೀಜವೂ ರೋಗಾಣುವೂ ಉಳಿಯುವುವು. ಶಾಖ ಇಳಿದಾಗ ಮಗುಚಬೇಕು. ಇದನ್ನು ಹಲಗೆಯ ಮೇಲೆ ಬರೆದು ಕಲಿಸಲಾಗದು. ರಾಶಿಯೊಳಗೆ ಕೈಯಿಟ್ಟೇ ಕಲಿಯಬೇಕು.

ತೊಡಕೊಂದುಂಟು. ಕಲಿಯಲು ಬಂದ ದಿನ ಕೂಲಿಯಿಲ್ಲ. ಕೂಲಿಯಿಲ್ಲದ ದಿನ ಬಡವರ ಮನೆಯಲ್ಲಿ ಒಲೆ ಉರಿಯದು. 2013ರ ಕಾನೂನು ಮಲ ಹೊರುವ ಕೆಲಸದಿಂದ ಬಿಡುಗಡೆಯಾದವರಿಗೆ ತರಬೇತಿಯ ಕಾಲದಲ್ಲಿ ತಿಂಗಳಿಗೆ 3,000 ರೂಪಾಯಿಗೆ ಕಡಮೆಯಿಲ್ಲದ ಭತ್ಯವನ್ನು ವಿಧಿಸಿದೆ. ಪಂಚಾಯತಿಗಳವರು ಉಳಿದ ಕೆಲಸಗಾರರ ವಿಷಯದಲ್ಲಿಯೂ ಇದನ್ನೇ ಮಾದರಿಯಾಗಿಟ್ಟುಕೊಂಡು ಹಣ ತೆಗೆದಿಡುವುದು ಯುಕ್ತ. ತರಬೇತಿಯನ್ನು ಬಿತ್ತನೆಯ ಕಾಲದಲ್ಲಿಡದೆ, ಸುಗ್ಗಿ ಮುಗಿದು ಕೂಲಿ ವಿರಳವಾಗುವ ಮಾಘ ಫಾಲ್ಗುಣಗಳಲ್ಲಿಡತಕ್ಕದ್ದು. ಆಗ ಆರಂಭಿಸಿದ ರಾಶಿಯು ಮುಂಗಾರಿನ ಉಳುಮೆಯ ಹೊತ್ತಿಗೆ ಹೊಲಕ್ಕೆ ಸಿದ್ಧವಾಗಿರುವುದು.