ತುಟಿಗೆ ತಕ್ಕ ಅಂಚು



ಸ್ವಾರಗೇಟದಲ್ಲಿ ಊರಿನ ಬಸ್ಸಿಗಾಗಿ ಕಾಯದ ಕನ್ನಡಿಗರು ಪುಣೆಯಲ್ಲಿ ಅಪರೂಪ. ಅಲ್ಲೇ ಸಮೀಪದ ನಮ್ಮ ಸೊಸೈಟಿಯಲ್ಲಿ ಸಂಜೆಯಾದರೆ ಬಸ್ಸಿನ ಹಾರ್ನಿನ ಜೊತೆ ಟ್ರಂಪೆಟ್ಟಿನ ಸದ್ದೂ ಕೇಳುತ್ತದೆ. ಊದುವವನು ಶಾಲೆಯ ಬ್ಯಾಂಡಿಗೆ ಸೇರಿದ ಕೆಳಮನೆಯ ಹುಡುಗ. ಹತ್ತು ನಿಮಿಷಕ್ಕೇ ತುಟಿ ಬಾತು, “ಆಂಟಿ, ನನಗ ಇದು ಬರೂದಿಲ್ಲ, ಬಿಟ್ಟಬಿಡ್ತೀನಿ” ಅಂದ. ಬಿಡುವ ಮೊದಲು ಮೌತ್‌ಪೀಸ್ ನೋಡಿಕೋ ಎಂದೆ. ನಿಮ್ಮಲ್ಲೂ ಬ್ಯಾಂಡಿನವರಿದ್ದೀರಿ, ಅದನ್ನೇ ನಿಮಗೂ ಹೇಳುತ್ತೇನೆ. ಬಿ.ಎ. ಇಂಗ್ಲಿಷ್ ಓದಿದವಳಿಗೆ ಇದೆಲ್ಲ ಹೇಗೆ ಗೊತ್ತು ಎನ್ನಬೇಡಿ. ಕೆಟಲಾಗು ಓದಲು ಅಷ್ಟು ಸಾಕು.

ಮೈಸೂರಿನ ಕಡೆಯ ಮದುವೆಗೆ ಹೋದಾಗ ನಾಗಸ್ವರದವರನ್ನು ಗಮನಿಸಿ. ವಾದ್ಯದ ಕೊರಳಿಗೆ ನಾಲ್ಕಾರು ಸೀವಾಳಿಗಳು, ಅಂದರೆ ಜೊಂಡಿನ ಪೀಪಿಗಳು, ದಾರದಲ್ಲಿ ತೂಗುತ್ತಿರುತ್ತವೆ. ಒಂದು ಒಪ್ಪದಿದ್ದರೆ ಇನ್ನೊಂದು. ಟ್ರಂಪೆಟ್ಟಿಗೆ ಸೀವಾಳಿಯಿಲ್ಲ, ಅಲ್ಲಿ ನಡುಗುವುದು ನಿಮ್ಮ ತುಟಿಯೇ. ತುಟಿಯನ್ನು ಬದಲಿಸಲಾಗದು, ಅದಕ್ಕೆ ತಕ್ಕ ಅಂಚನ್ನು ಹುಡುಕಬೇಕು.

ಆಸ್ಟ್ರಿಯಾದಲ್ಲಿ ಹುಟ್ಟಿದ ಟ್ರಂಪೆಟ್ ವಾದಕ ವಿನ್ಸೆಂಟ್ ಬಾಕ್ (ಹಳೆಯ ಸಂಗೀತಕಾರ ಬಾಕ್ ಬೇರೆ) 1918ರಲ್ಲಿ ನ್ಯೂಯಾರ್ಕಿನಲ್ಲಿ ಮೌತ್‌ಪೀಸ್ ತಯಾರಿಸತೊಡಗಿದರು. ಅವರ ಲೆಕ್ಕ ವಿಚಿತ್ರ: ಅಂಕಿ ಹೆಚ್ಚಿದಂತೆ ಬಾಯಿ ಕಿರಿದು. 7ಸಿ ಸುಮಾರು 16.2 ಮಿ.ಮೀ., 1½ಸಿ ಸುಮಾರು 17. ಅಕ್ಷರ ಬಟ್ಟಲಿನ ಆಳ ಹೇಳುತ್ತದೆ. ಎ ಆಳ, ಎಫ್ ಆಳವಿಲ್ಲದ್ದು. ಯಮಾಹಾದಲ್ಲಿ ಇದು ತಿರುಗುಮುರುಗು, ಅಂಕಿ ದೊಡ್ಡದಾದರೆ ಬಾಯಿಯೂ ದೊಡ್ಡದು. ಅಂಗಡಿಯಲ್ಲಿ ಮೋಸಹೋಗುವುದು ಇಲ್ಲೇ.

ಒಂದು ಮಿಲಿಮೀಟರಿನೊಳಗೆ ಏನು ವ್ಯತ್ಯಾಸ ಎನ್ನುತ್ತೀರಾ? ತುಂಬು ತುಟಿಯವರಿಗೆ ಕಿರಿದಾದ ಅಂಚು ತುಟಿಯ ಕೆಂಪು ಭಾಗದ ಮೇಲೆಯೇ ಕೂತು ನಡುಕವನ್ನು ಹಿಡಿದುಬಿಡುತ್ತದೆ. ನಮ್ಮ ಹುಡುಗನಿಗೂ ಅದೇ ಆಗಿತ್ತು. ಅವನ ಗುರುಗಳು ತಮ್ಮ ಪೆಟ್ಟಿಗೆಯಿಂದ 1½ಸಿ ತೆಗೆದುಕೊಟ್ಟರು. ಊತ ಇಳಿಯಿತು, ಬಸ್ಸಿನ ಹಾರ್ನಿಗೆ ಪೈಪೋಟಿ ಏರಿತು. ಹಾಗೆಂದು ನೀವೂ ಅದನ್ನೇ ಕೊಳ್ಳಬೇಡಿ! ತೆಳು ತುಟಿಯವರಿಗೆ ಅದು ಬೇಗ ದಣಿವು ತಂದೀತು.

ಮೇಲಿನ ಸ್ವರ ಸಿಗಲೆಂದು ಆಳವಿಲ್ಲದ ಬಟ್ಟಲು ಕೊಳ್ಳುವವರುಂಟು. ನನ್ನ ಮಟ್ಟಿಗೆ ಕಲಿಯುವವರಿಗೆ ಅದು ದಂಡ. ನಾದ ತೆಳುವಾಗುತ್ತದೆ, ಉಸಿರು ಕಲಿಯುವುದು ಹಿಂದೆ ಬೀಳುತ್ತದೆ. ಒತ್ತಿ ಊದುವುದಂತೂ ಬೇಡವೇ ಬೇಡ. ಲೂಯಿ ಆರ್ಮ್‌ಸ್ಟ್ರಾಂಗರಂಥವರೂ 1930ರ ದಶಕದಲ್ಲಿ ತುಟಿಯ ಗಾಯದಿಂದ ತಿಂಗಳುಗಟ್ಟಲೆ ವಾದ್ಯ ಕೆಳಗಿಡಬೇಕಾಯಿತು. ಹಲ್ಲಿಗೆ ತಂತಿ ಹಾಕಿಸಿಕೊಂಡವರು ಮೊದಲು ದಂತವೈದ್ಯರನ್ನು ಕೇಳಿ.

ಹೊಸದನ್ನು ಪರೀಕ್ಷಿಸುವಾಗ ತಾಜಾ ತುಟಿಯನ್ನು ನಂಬಬೇಡಿ. ಅಭ್ಯಾಸ ಮುಗಿದು ದಣಿದಾಗ ಅದೇ ನಾಲ್ಕು ಸ್ವರ ಮೆಲ್ಲಗೆ ಊದಿ. ಜೊತೆಗೊಬ್ಬರು ದೂರ ನಿಂತು ಕೇಳಲಿ. ಒಪ್ಪಿದರೆ ಎರಡು ವಾರ ಅದನ್ನೇ ಬಳಸಿ, ದಿನಕ್ಕೊಂದು ಬದಲಿಸಬೇಡಿ. ವಾದ್ಯದೊಳಗೆ ಅದು ಅಲುಗಾಡಬಾರದು. ಕೂರಿಸುವಾಗ ಅಂಗೈಯಿಂದ ಬಡಿದರೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಇಕ್ಕಳ ಹಿಡಿಯುವ ಅಪ್ಪಂದಿರಿಂದ ವಾದ್ಯವನ್ನು ದೂರವಿಡಿ, ರಿಪೇರಿಯವರ ಬಳಿ ಅದಕ್ಕೇ ಬೇರೆ ಸಾಧನವಿರುತ್ತದೆ. ಗೆಳೆಯರ ಮೌತ್‌ಪೀಸ್ ಹಾಕಿ ನೋಡುವುದಾದರೆ ಮೊದಲು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.