ಆರ್ಗೋ: ಕಡಲಾಳದ ಮಾಪಕಗಳೂ ಅವುಗಳ ದಾಖಲೆಯೂ

ಸಾಗರದ ಮೇಲ್ಮೈಯ ಉಷ್ಣಾಂಶವನ್ನು ಉಪಗ್ರಹಗಳು ಅಳೆಯಬಲ್ಲವಾದರೂ ಅದರ ಕೆಳಗಿರುವ ನೀರಿನ ಸ್ಥಿತಿ ಅವುಗಳ ನೋಟಕ್ಕೆ ನಿಲುಕುವುದಿಲ್ಲ. ಭೂಮಿಯ ತಾಪ ಏರಿಕೆಯ ಲೆಕ್ಕಕ್ಕೆ ಬೇಕಾದ ಹೆಚ್ಚುವರಿ ಶಾಖದ ಬಹುಪಾಲು ಸೇರಿಕೊಳ್ಳುತ್ತಿರುವುದು ಆ ನೀರಿನಲ್ಲಿಯೇ. ಈ ಕೊರತೆಯನ್ನು ನೀಗಲು 1999ರ ಸುಮಾರಿಗೆ ರೂಪುಗೊಂಡ ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆ ಇಂದು ಸುಮಾರು 4,000 ಫ್ಲೋಟುಗಳನ್ನು, ಅಂದರೆ ತಾವಾಗಿಯೇ ಮುಳುಗಿ ಏಳಬಲ್ಲ ಕೊಳವೆಯಾಕಾರದ ಯಂತ್ರಗಳನ್ನು, ಜಗತ್ತಿನ ಸಾಗರಗಳಲ್ಲಿ ಹರಡಿದೆ.

ಈ ಯಂತ್ರಕ್ಕೆ ಪ್ರೊಪೆಲ್ಲರ್ ಇಲ್ಲ. ಒಡಲೊಳಗಿನ ಎಣ್ಣೆಯನ್ನು ಪಂಪು ಹೊರಗಿನ ರಬ್ಬರ್ ಚೀಲಕ್ಕೆ ತಳ್ಳಿದಾಗ ಯಂತ್ರದ ತೂಕ ಬದಲಾಗದೆ ಗಾತ್ರವಷ್ಟೇ ಹಿಗ್ಗುವುದರಿಂದ ಅದರ ಸಾಂದ್ರತೆ ಸುತ್ತಲಿನ ನೀರಿಗಿಂತ ಕಡಿಮೆಯಾಗಿ ಅದು ಮೇಲೇರುತ್ತದೆ. ಎಣ್ಣೆ ಒಳಗೆ ಮರಳಿದಾಗ ಮುಳುಗುತ್ತದೆ. 1,000 ಮೀಟರ್ ಆಳದಲ್ಲಿ ಪ್ರವಾಹದೊಡನೆ ಸಾಗುವ ಫ್ಲೋಟು ಸಾಮಾನ್ಯವಾಗಿ ಹತ್ತು ದಿನಗಳಿಗೊಮ್ಮೆ 2,000 ಮೀಟರಿಗೆ ಇಳಿದು, ಅಲ್ಲಿಂದ ಏರುವಾಗ ಉಷ್ಣಾಂಶ, ಲವಣಾಂಶ ಮತ್ತು ಒತ್ತಡಗಳನ್ನು ಅಳೆದು, ಆ ಅಂಕಿಗಳನ್ನು ಉಪಗ್ರಹಕ್ಕೆ ಕಳುಹಿಸಿ ಮತ್ತೆ ಕೆಳಗಿಳಿಯುತ್ತದೆ.

ಬಹುತೇಕ ಫ್ಲೋಟುಗಳನ್ನು ಒಮ್ಮೆ ಕಡಲಿಗೆ ಬಿಟ್ಟ ಮೇಲೆ ಹಿಡಿದು ತಂದು ಪರೀಕ್ಷಿಸುವುದಿಲ್ಲ. ಆದ್ದರಿಂದ ಬಿಡುವ ಮುನ್ನ ಬರೆದಿಟ್ಟ ವಿವರವೇ ಮುಂದೆ ಅದರ ಅಳತೆಗಳನ್ನು ನಂಬುವುದಕ್ಕೂ ಸಂದೇಹಿಸುವುದಕ್ಕೂ ಆಧಾರವಾಗುತ್ತದೆ. ಪ್ರತಿ ಫ್ಲೋಟಿಗೂ ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿಯಂತೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ತಯಾರಕರು, ಮಾದರಿ, ಪ್ರತಿಯೊಂದು ಸೆನ್ಸರಿನ ಕ್ರಮಸಂಖ್ಯೆ, ಕಡಲಿಗೆ ಬಿಟ್ಟ ದಿನ ಮತ್ತು ಸ್ಥಳ ಎಲ್ಲವೂ ಆ ಸಂಖ್ಯೆಯಡಿ ದಾಖಲಾಗುತ್ತವೆ. ದತ್ತಾಂಶದ ಕುರಿತಾದ ಈ ದತ್ತಾಂಶಕ್ಕೆ ಮೆಟಾಡೇಟಾ ಎಂದು ಹೆಸರು. ಇದಿಲ್ಲದ ಅಳತೆ ಸರ್ವೆ ನಂಬರಿಲ್ಲದ ಜಮೀನಿನಂತೆ; ತಕರಾರು ಬಂದಾಗ ಅದರ ಮೂಲವನ್ನು ಹುಡುಕಲಾಗದು.

ಅಂಥದೊಂದು ತಕರಾರು ನಿಜವಾಗಿಯೂ ಬಂದಿತು. 2003ರಿಂದ 2005ರ ನಡುವೆ ಸಾಗರದ ಮೇಲ್ಪದರ ತಣಿದಿದೆಯೆಂದು 2006ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿತು. ಮುಂದಿನ ವರ್ಷ ಅದೇ ಸಂಶೋಧಕರು ಮರುಪರಿಶೀಲಿಸಿದಾಗ, ಒಂದು ಚಿಕ್ಕ ಗುಂಪಿನ ಫ್ಲೋಟುಗಳು ತಮ್ಮ ಉಷ್ಣಾಂಶವನ್ನು ತಪ್ಪು ಒತ್ತಡಕ್ಕೆ, ಎಂದರೆ ತಪ್ಪು ಆಳಕ್ಕೆ, ಜೋಡಿಸುತ್ತಿದ್ದವೆಂದೂ, ಹಡಗುಗಳಿಂದ ಎಸೆಯುವ ಹಳೆಯ ಬಗೆಯ ತಾಪಮಾಪಕಗಳು ನೀರನ್ನು ಇದ್ದುದಕ್ಕಿಂತ ಬೆಚ್ಚಗೆ ತೋರಿಸುತ್ತಿದ್ದವೆಂದೂ ತಿಳಿಯಿತು. ಕಂಡುಬಂದಿದ್ದ ತಣಿವು ಬಹುಮಟ್ಟಿಗೆ ಈ ಎರಡು ದೋಷಗಳ ಫಲವಾಗಿತ್ತು. ಯಾವ ಅಂಕಿ ಯಾವ ಬಗೆಯ ಉಪಕರಣದಿಂದ ಬಂದಿತೆಂಬ ದಾಖಲೆ ಇದ್ದುದರಿಂದಲೇ ದೋಷಪೂರಿತ ಗುಂಪನ್ನು ಬೇರ್ಪಡಿಸಿ, ಉಳಿದ ಫ್ಲೋಟುಗಳ ಅಳತೆಗಳನ್ನು ಉಳಿಸಿಕೊಳ್ಳುವುದು ಸಾಧ್ಯವಾಯಿತು. ವಿಜ್ಞಾನದಲ್ಲಿ ಗುಮಾಸ್ತಿಕೆಯೆನಿಸುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಾಗಿಲ್ಲ.

ಫ್ಲೋಟು ಕಳುಹಿಸಿದ ಅಂಕಿಗಳು ಸ್ವಯಂಚಾಲಿತ ಪರೀಕ್ಷೆಗಳನ್ನು ದಾಟಿ ಸುಮಾರು ಒಂದು ದಿನದೊಳಗೆ ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಬಳಿಕ ತಜ್ಞರು ಅವನ್ನು ನೆರೆಯ ಅಳತೆಗಳೊಂದಿಗೆ ಹೋಲಿಸಿ ತಿದ್ದುತ್ತಾರೆ. ಆದರೆ ತಿದ್ದಿದ ಬೆಲೆಯ ಪಕ್ಕದಲ್ಲಿ ಮೂಲ ಬೆಲೆಯೂ, ಅದರ ಗುಣಮಟ್ಟದ ಸಂಕೇತವೂ ಉಳಿದಿರುತ್ತವೆ. ಫ್ರಾನ್ಸಿನ ಬ್ರೆಸ್ಟ್ ಮತ್ತು ಅಮೆರಿಕದ ಮಾಂಟೆರೇ ನಗರಗಳ ಎರಡು ಜಾಗತಿಕ ಕೇಂದ್ರಗಳು ಇವನ್ನು ಏಕರೂಪದ ಕಡತಗಳಲ್ಲಿ ಒದಗಿಸುತ್ತವೆ. ಭಾರತದ ಫ್ಲೋಟುಗಳ ದತ್ತಾಂಶವನ್ನು ನೋಡಿಕೊಳ್ಳುವುದು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ.

ದಾಖಲೆಗೆ ರಾಜತಾಂತ್ರಿಕ ಮುಖವೂ ಇದೆ. ಪ್ರವಾಹಕ್ಕೆ ಸಿಕ್ಕಿದ ಫ್ಲೋಟು ಗಡಿಗಳನ್ನು ಅರಿಯದಾದ್ದರಿಂದ, ತನ್ನ ಅಧಿಕಾರವ್ಯಾಪ್ತಿಯ ನೀರಿಗೆ ಅದು ತೇಲಿ ಬರಬಹುದಾದ ಕರಾವಳಿ ರಾಷ್ಟ್ರಕ್ಕೆ ಮುಂಚಿತವಾಗಿ ತಿಳಿಸಬೇಕೆಂದು ಯುನೆಸ್ಕೋದ ಅಂತರಸರ್ಕಾರಿ ಸಾಗರವಿಜ್ಞಾನ ಆಯೋಗ 1999ರಲ್ಲಿ ನಿರ್ಣಯಿಸಿತು.

ಈಚಿನ ಹಲವು ಫ್ಲೋಟುಗಳು ಆಮ್ಲಜನಕ, ನೈಟ್ರೇಟ್, ಆಮ್ಲೀಯತೆ ಮತ್ತು ಪಾಚಿಯ ಹರಿತ್ತುಗಳನ್ನೂ ಅಳೆಯುತ್ತವೆ, ಮತ್ತು ಇಲ್ಲಿ ದಾಖಲೆಯ ಹೊಣೆ ಇನ್ನೂ ಸೂಕ್ಷ್ಮವಾಗುತ್ತದೆ. ಆಮ್ಲಜನಕದ ಸೆನ್ಸರು ಕಡಲಿಗಿಳಿಯುವ ಮೊದಲೇ, ಉಗ್ರಾಣದಲ್ಲಿರುವಾಗಲೇ, ತನ್ನ ನಿಖರತೆಯನ್ನು ಕಳೆದುಕೊಳ್ಳತೊಡಗುವುದರಿಂದ ಅದನ್ನು ಪ್ರಯೋಗಾಲಯದಲ್ಲಿ ಸರಿಹೊಂದಿಸಿದ ದಿನಾಂಕ ಮುಖ್ಯವಾಗುತ್ತದೆ. ಫ್ಲೋಟು ಮೇಲಕ್ಕೆ ಬಂದಾಗ ಗಾಳಿಯಲ್ಲಿರುವ, ಪ್ರಮಾಣ ಮೊದಲೇ ಗೊತ್ತಿರುವ, ಆಮ್ಲಜನಕವನ್ನು ಅಳೆದು ಆ ವ್ಯತ್ಯಾಸವನ್ನು ತಿದ್ದಬಹುದು. ಅದಕ್ಕೆ ಸೆನ್ಸರು ನೀರಿನಿಂದ ಹೊರಚಾಚುವಂತೆ ಎತ್ತರದಲ್ಲಿ ಕೂತಿರಬೇಕು, ಹಾಗೆ ಕೂತಿದೆಯೇ ಎಂಬುದೂ ದಾಖಲಾಗಿರಬೇಕು.